ಎರಡೂ ಲೈನ್ ಒಟ್ಟಿಗೆ ಸತ್ತಾಗ: ತುರ್ತು ನಿಯಂತ್ರಣ ಕೊಠಡಿಗೆ ಸಂಪರ್ಕ ದೋಷ ನಿವಾರಣೆ ಕೈಪಿಡಿ

ಈ ಕೈಪಿಡಿಯನ್ನು ದೂರಸಂಪರ್ಕ ಎಂಜಿನಿಯರುಗಳಿಗಾಗಿ ಬರೆದಿಲ್ಲ. ಜಿಲ್ಲಾ ಅಥವಾ ತಾಲ್ಲೂಕು ನಿಯಂತ್ರಣ ಕೊಠಡಿ, ಆಸ್ಪತ್ರೆಯ ತುರ್ತು ವಿಭಾಗ, ಅಣೆಕಟ್ಟೆಯ ಕಚೇರಿ, ಅಗ್ನಿಶಾಮಕ ಠಾಣೆ ಮುಂತಾದ ಕಡೆ ಮಳೆಗಾಲದ ರಾತ್ರಿಪಾಳಿಯಲ್ಲಿ ಕುಳಿತಿರುವ, ಫೋನ್ ಸತ್ತರೆ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವ ಸಿಬ್ಬಂದಿಗಾಗಿ ಬರೆದದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ, ವಿದ್ಯುತ್, ಫೋನ್ ಮೂರೂ ಕಡಿದುಹೋದ ಊರುಗಳನ್ನು ಕಂಡವರಿಗೆ, ಆ ಮೂರರಲ್ಲಿ ಮೊದಲು ಸರಿಯಾಗಬೇಕಾದದ್ದು ಫೋನ್ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಜೆಸಿಬಿ ಎಲ್ಲಿಗೆ ಹೋಗಬೇಕೆಂಬುದನ್ನೂ ಯಾರಾದರೂ ಫೋನಿನಲ್ಲೇ ತಿಳಿಸಬೇಕು.

ದೋಷ ಏನು ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ, ದೋಷದ ಎಲ್ಲೆ ಎಲ್ಲಿಯವರೆಗಿದೆ ಎಂದು ಹುಡುಕಿ. ಒಂದು ಕೊಠಡಿಯೋ, ಒಂದು ಊರೋ, ಒಂದು ಕಂಪನಿಯೋ, ಒಂದು ಸಮುದ್ರವೋ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ತಿಳಿಯಲು ಬಹುತೇಕ ಸಲ ಎರಡು ಬೇರೆ ಕಂಪನಿಗಳ ಸಿಮ್ ಇರುವ ಒಂದು ಫೋನ್ ಸಾಕು.

ಏನನ್ನಾದರೂ ಮುಟ್ಟುವ ಮೊದಲು

ಗಡಿಯಾರ ನೋಡಿ ಸಮಯವನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಲ್ಯಾಂಡ್‌ಲೈನ್ ಯಾವಾಗ ಹೋಯಿತು, ಬ್ರಾಡ್‌ಬ್ಯಾಂಡ್ ಯಾವಾಗ ಹೋಯಿತು, ಯಾವ ಕಂಪನಿಯ ಮೊಬೈಲ್ ಎಷ್ಟು ಹೊತ್ತಿನ ನಂತರ ಹೋಯಿತು ಎಂಬ ಮೂರು ಸಾಲುಗಳಿಂದ ಅನುಭವಿ ತಂತ್ರಜ್ಞನಿಗೆ ದೋಷದ ಜಾಗದ ಅಂದಾಜು ಸಿಗುತ್ತದೆ. ಒಟ್ಟಿಗೆ ಹೋದದ್ದು ಬೇರೆ ಕತೆ, ಒಂದರ ಹಿಂದೆ ಒಂದು ಹೋದದ್ದು ಬೇರೆ ಕತೆ.

ಜೀವ ಉಳಿಸುವ ಸಂದೇಶವೊಂದು ಕಾಯುತ್ತಿದ್ದರೆ ರಿಪೇರಿಗೆ ಕೈ ಹಾಕಬೇಡಿ. ಮೊದಲು ಬದಲಿ ದಾರಿಯಲ್ಲಿ ಸಂದೇಶ ಕಳಿಸಿ, ದಾರಿ ಇಲ್ಲದಿದ್ದರೆ ಜೀಪಿನಲ್ಲಿ ಆಳು ಕಳಿಸಿ, ಆಮೇಲೆ ತಂತಿ ಹಿಡಿಯಿರಿ. ಮುಖ್ಯ ಸಂಖ್ಯೆಗಳು ಕಾಗದದ ಮೇಲೆ ಗೋಡೆಯಲ್ಲಿರಲಿ: ತುರ್ತು ಸೇವೆಗೆ 112, ರಾಜ್ಯ ನಿಯಂತ್ರಣ ಕೊಠಡಿಗೆ 1070, ಜಿಲ್ಲೆಗೆ 1077, ವಿದ್ಯುತ್ ಕಂಪನಿಗೆ 1912. ಪಕ್ಕದ ಜಿಲ್ಲೆಯ ಕೊಠಡಿಯ ಪೂರ್ಣ ಲ್ಯಾಂಡ್‌ಲೈನ್ ಸಂಖ್ಯೆಯನ್ನೂ ಬರೆದಿಡಿ, ಏಕೆಂದರೆ ನೀವು ಬರಿಯ 1077 ಒತ್ತಿದರೆ ಕರೆ ನಿಮ್ಮದೇ ಜಿಲ್ಲೆಗೆ, ಅಂದರೆ ನಿಮ್ಮ ಎದುರಿನ ಸತ್ತ ಫೋನಿಗೇ ಬರುತ್ತದೆ.

ಲಕ್ಷಣ: ಒಂದು ಫೋನ್, ಒಂದು ಕಂಪ್ಯೂಟರ್ ಅಥವಾ ಒಂದು ಕೊಠಡಿ ಮಾತ್ರ ಸತ್ತಿದೆ

ಪಕ್ಕದ ಕೊಠಡಿಯಲ್ಲಿ ಎಲ್ಲವೂ ನಡೆಯುತ್ತಿದ್ದರೆ ದೋಷ ನಿಮ್ಮ ಗೋಡೆಯೊಳಗಿದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ, ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ನೋಡಿ, ಲ್ಯಾನ್ ತಂತಿಯ ಎರಡೂ ತುದಿ ಒತ್ತಿ ನೋಡಿ, ಇಲಿ ಕಚ್ಚಿದೆಯೇ ನೋಡಿ. ಇಷ್ಟರಲ್ಲಿ ಮುಕ್ಕಾಲು ಪಾಲು ದೂರುಗಳು ಮುಗಿಯುತ್ತವೆ.

ಕರೆಂಟ್ ಹೋದ ಕ್ಷಣದಲ್ಲೇ ಇಂಟರ್ನೆಟ್ ಹೋಗಿ, ಕಂಪ್ಯೂಟರ್ ಮಾತ್ರ ನಡೆಯುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು, ಮೋಡೆಮನ್ನು ಮೂಲೆಯ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿರುವ ಕಚೇರಿಗಳು ನಾನು ನೋಡಿದಷ್ಟು ಎಲ್ಲ ಕಡೆ ಇವೆ. ಅಳವಡಿಸಿದವನು ಯಾವ ಪ್ಲಗ್ ಹತ್ತಿರವಿತ್ತೋ ಅದಕ್ಕೆ ಹಾಕಿ ಹೋಗಿರುತ್ತಾನೆ. ಈ ತಂತಿಯನ್ನು ಯುಪಿಎಸ್‌ಗೆ ಬದಲಿಸಲು ಪೈಸೆ ಖರ್ಚಿಲ್ಲ.

ಲಕ್ಷಣ: ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ, ಕರೆ ಮಾತ್ರ ಹೋಗುತ್ತಿಲ್ಲ

ಇದು ಜನರನ್ನು ಹೆಚ್ಚು ಏಮಾರಿಸುವ ಲಕ್ಷಣ. ತೆರೆಯ ಮೇಲಿನ ಕಡ್ಡಿಗಳು ನಿಮ್ಮ ಕೈಯ ಫೋನಿಗೂ ಹತ್ತಿರದ ಟವರಿಗೂ ನಡುವಿನ ರೇಡಿಯೊ ದಾರಿ ಚೆನ್ನಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ಟವರಿನಿಂದ ಆಚೆಗೆ ಹೋಗುವ ಫೈಬರ್ ಇದೆಯೇ, ಅದರ ಕೊನೆಯಲ್ಲಿರುವ ಕಂಪನಿಯ ಯಂತ್ರಗಳು ಬದುಕಿವೆಯೇ ಎಂಬುದರ ಬಗ್ಗೆ ಅವು ಮೌನ.

ಹತ್ತು ಸಲ ಒತ್ತಿದರೆ ಒಂದು ಸಲ ಕರೆ ಸೇರುತ್ತದೆ, ಎಸ್ಸೆಮ್ಮೆಸ್ ತಡವಾಗಿಯಾದರೂ ಹೋಗುತ್ತದೆ ಎಂದಾದರೆ ಅದು ದಟ್ಟಣೆ. ಭೂಕಂಪವೋ ಅಣೆಕಟ್ಟೆ ಒಡೆದ ವದಂತಿಯೋ ಹಬ್ಬಿದ ಮೊದಲ ಅರ್ಧ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಫೋನ್ ಎತ್ತುತ್ತಾರೆ. ಆಗ ಮತ್ತೆ ಮತ್ತೆ ಡಯಲ್ ಮಾಡುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಊರಿನ ಹೆಸರು, ಜನರ ಸಂಖ್ಯೆ, ಬೇಕಾದ ವಸ್ತು ಇಷ್ಟನ್ನು ಒಂದು ಎಸ್ಸೆಮ್ಮೆಸ್‌ನಲ್ಲಿ ಬರೆದು ಕಳಿಸಿ, ಸಿಬ್ಬಂದಿಗೆ ವಿಡಿಯೊ ಕಳಿಸುವುದನ್ನು ನಿಲ್ಲಿಸಲು ಹೇಳಿ.

ಒಂದು ಕಂಪನಿಯ ಕರೆ ಒಂದೂ ಹೋಗುತ್ತಿಲ್ಲ, ಎರಡು ಕಿಲೋಮೀಟರ್ ಆಚೆಯ ದಿಣ್ಣೆಗೆ ಹೋದರೆ ಅದೇ ಸಿಮ್‌ನಲ್ಲಿ ಹೋಗುತ್ತದೆ ಎಂದಾದರೆ ಆ ಟವರಿನ ಹಿಂದಿನ ಕೊಂಡಿ ಕಡಿದಿದೆ. ಬೇರೆ ಕಂಪನಿಯ ಸಿಮ್‌ನಿಂದ ಬೆಂಗಳೂರಿನಲ್ಲಿರುವ ಯಾರಿಗಾದರೂ ಕರೆ ಮಾಡಿ, ಅಲ್ಲೂ ಮೊದಲ ಕಂಪನಿ ಸತ್ತಿದೆಯೇ ಎಂದು ಕೇಳಿ. ಸತ್ತಿದ್ದರೆ ದೋಷ ಕಂಪನಿಯ ಹೃದಯದಲ್ಲಿದೆ, ನಿಮ್ಮ ಜಿಲ್ಲೆಯಲ್ಲಿ ಹುಡುಕಿ ಫಲವಿಲ್ಲ.

ಅಂಥದ್ದು ಕೆನಡಾದಲ್ಲಿ 2022ರ ಜುಲೈ 8ರಂದು ಆಯಿತು. ರೋಜರ್ಸ್ ಕಂಪನಿಯ ಕೇಂದ್ರ ಜಾಲದಲ್ಲಿ ಸುಧಾರಣೆ ಕೆಲಸ ನಡೆಯುವಾಗ ರೂಟರಿನ ಒಂದು ಸೋಸುಪಟ್ಟಿ ಕಳಚಿ, ದಾರಿ ಮಾಹಿತಿಯ ಪ್ರವಾಹ ನುಗ್ಗಿ ಇಡೀ ಜಾಲ ಕುಸಿಯಿತು. ಮೊಬೈಲ್, ಇಂಟರ್ನೆಟ್ ಎರಡೂ ಹೋದವು, ಅಂಗಡಿಗಳ ಡೆಬಿಟ್ ಕಾರ್ಡ್ ಪಾವತಿಯೂ ನಿಂತಿತು. ನಮಗೆ ಮುಖ್ಯವಾದ ಅಂಶವೆಂದರೆ, ಟವರುಗಳ ರೇಡಿಯೊ ಮಾತ್ರ ಉಸಿರಾಡುತ್ತಿತ್ತು. ಹಾಗಾಗಿ ಫೋನುಗಳು ಸತ್ತ ಜಾಲಕ್ಕೇ ಅಂಟಿಕೊಂಡು ಕುಳಿತವು, ತುರ್ತು ಸಂಖ್ಯೆ 911ಕ್ಕೆ ಬೇರೆ ಕಂಪನಿಯ ಟವರ್ ಹಿಡಿಯಲಿಲ್ಲ. ರಿಪೇರಿ ಮಾಡಬೇಕಾದ ಸಿಬ್ಬಂದಿಯ ಫೋನುಗಳೂ ಅದೇ ಜಾಲದವು. ಆ ಘಟನೆಯ ನಂತರ ಅಲ್ಲಿನ ಕಂಪನಿಗಳು ತುರ್ತಿನಲ್ಲಿ ಒಂದಕ್ಕೊಂದು ಜಾಲ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡವು.

ನೀವು ಮಾಡಬೇಕಾದ್ದು ಇಷ್ಟು: ಸತ್ತ ಕಂಪನಿಯ ಸಿಮ್ ನಿಷ್ಕ್ರಿಯ ಮಾಡಿ ಎರಡನೆಯದನ್ನು ಬಳಸಿ. ಒಂದು ಕಂಪನಿಯ ಗ್ರಾಹಕರು ಅದೇ ವಲಯದ ಇನ್ನೊಂದು ಕಂಪನಿಯ ಟವರ್ ಬಳಸಲು ದೂರಸಂಪರ್ಕ ಇಲಾಖೆ ವಿಪತ್ತಿನ ವೇಳೆ ಅವಕಾಶ ಮಾಡಿಕೊಡುವುದುಂಟು. ಹಾಗೆ ಘೋಷಣೆಯಾಗಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ನೆಟ್‌ವರ್ಕ್ ಪಟ್ಟಿಯಿಂದ ಬೇರೆ ಹೆಸರನ್ನು ಕೈಯಾರೆ ಆರಿಸಿ ನೋಡಿ.

ದಟ್ಟಣೆಯ ನಡುವೆಯೂ ಅಧಿಕಾರಿಯ ಕರೆ ಮೊದಲು ಹೋಗುವಂತೆ ಮಾಡುವ ಯೋಚನೆ ಹಳೆಯದು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ವಾಷಿಂಗ್ಟನ್ನಿಗೂ ಮಾಸ್ಕೋಗೂ ಸಂದೇಶ ತಲುಪಲು ಗಂಟೆಗಟ್ಟಲೆ ಹಿಡಿದದ್ದನ್ನು ಕಂಡು, ಮರುವರ್ಷ ಅಧ್ಯಕ್ಷ ಕೆನೆಡಿ ಅಮೆರಿಕದ ನ್ಯಾಷನಲ್ ಕಮ್ಯುನಿಕೇಷನ್ಸ್ ಸಿಸ್ಟಂ ಸ್ಥಾಪಿಸಿದರು. ಆದ್ಯತೆಯ ಕರೆಗೆ ಕಾರ್ಡ್ ಮತ್ತು ಸಂಕೇತಸಂಖ್ಯೆ ಕೊಡುವ ಅಲ್ಲಿನ ವ್ಯವಸ್ಥೆ ಅದೇ ಪರಂಪರೆಯದು. ನಮ್ಮಲ್ಲಿ 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಮು, ಸಾರ್ವಜನಿಕ ತುರ್ತಿನಲ್ಲಿ ಪರಿಹಾರ ಕಾರ್ಯಕ್ಕೆ ಅಧಿಕೃತರಾದವರ ಸಂದೇಶಗಳನ್ನು ಆದ್ಯತೆಯ ಮೇಲೆ ಸಾಗಿಸುವ ವ್ಯವಸ್ಥೆಗೆ ಅವಕಾಶ ನೀಡುತ್ತದೆ. ನಿಮ್ಮ ಕೊಠಡಿಯ ಸಂಖ್ಯೆ ಅಂಥ ಪಟ್ಟಿಯಲ್ಲಿದೆಯೇ ಎಂದು ಬೇಸಿಗೆಯಲ್ಲೇ ವಿಚಾರಿಸಿಕೊಳ್ಳಿ.

ಇಡೀ ಜಿಲ್ಲೆಯಲ್ಲಿ ಎಲ್ಲ ಕಂಪನಿಗಳ ಡೇಟಾ ಒಂದೇ ನಿಮಿಷಕ್ಕೆ ನಿಂತು ಮಾತಿನ ಕರೆ ಮಾತ್ರ ಸರಾಗ ನಡೆಯುತ್ತಿದ್ದರೆ, ಅದು ದೋಷವಲ್ಲದೆ ಆದೇಶವಿರಬಹುದು. ಗೃಹ ಇಲಾಖೆಯಿಂದ ಖಚಿತ ಮಾಡಿಕೊಂಡು, ಪರಿಹಾರ ಕೆಲಸಕ್ಕೆ ಇದರಿಂದ ಆಗುತ್ತಿರುವ ಅಡ್ಡಿಯನ್ನು ಲಿಖಿತವಾಗಿ ತಿಳಿಸಿ.

ಲಕ್ಷಣ: ಕರೆಂಟ್ ಹೋಗಿ ಕೆಲವು ಗಂಟೆಯ ನಂತರ ಟವರುಗಳು ಒಂದೊಂದಾಗಿ ಆರುತ್ತಿವೆ

ಕಾರಣ ಬ್ಯಾಟರಿ. ಟವರಿನ ಬುಡದ ಪೆಟ್ಟಿಗೆಯಲ್ಲಿ 48 ವೋಲ್ಟ್‌ನ ಬ್ಯಾಟರಿ ಸಾಲು ಇರುತ್ತದೆ, ಹಲವು ಕಡೆ ಡೀಸೆಲ್ ಜನರೇಟರೂ ಇರುತ್ತದೆ. ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಡೀಸೆಲ್ ಬೇಕು, ಡೀಸೆಲ್ ತರುವ ವಾಹನಕ್ಕೆ ರಸ್ತೆ ಬೇಕು. ಕೆಲವು ನೂರು ಲೀಟರ್ ಡೀಸೆಲ್ ಗುಡ್ಡ ಜರಿದ ರಸ್ತೆಯ ಈಚೆ ನಿಂತಿದೆ ಎಂಬ ಕಾರಣಕ್ಕೆ ಒಂದು ಹೋಬಳಿ ಇಡೀ ಮೂಕವಾಗುವುದುಂಟು. ಇಲ್ಲಿ ನಿಯಂತ್ರಣ ಕೊಠಡಿ ಬಹಳ ಮಾಡಬಹುದು: ಯಾವ ರಸ್ತೆ ತೆರೆದಿದೆ ಎಂಬುದನ್ನು ಕಂಪನಿಗಳ ನೋಡಲ್ ಅಧಿಕಾರಿಗಳಿಗೆ ಗಂಟೆಗೊಮ್ಮೆ ತಿಳಿಸಿ, ಡೀಸೆಲ್ ವಾಹನಕ್ಕೆ ಆಂಬುಲೆನ್ಸಿನ ನಂತರದ ಆದ್ಯತೆ ಕೊಡಿಸಿ, ಹಲವು ಟವರುಗಳನ್ನು ಹೊತ್ತುಕೊಂಡಿರುವ ಮೂಲ ಟವರ್ ಯಾವುದು ಎಂದು ಕೇಳಿ ಅದಕ್ಕೆ ಮೊದಲು ತಲುಪಿಸಿ.

ನಿಮ್ಮದೇ ಬ್ಯಾಟರಿಯನ್ನೂ ಅಳೆಯಿರಿ. ವಿಶ್ರಾಂತಿಯಲ್ಲಿರುವ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6ಕ್ಕಿಂತ ಮೇಲೆ ತೋರಿಸಿದರೆ ತುಂಬಿದೆ, 12.2ರ ಸುಮಾರಿಗೆ ಅರ್ಧ, 11.8ಕ್ಕೆ ಇಳಿದರೆ ಖಾಲಿ ಎಂದೇ ತಿಳಿಯಿರಿ. ತುಂಬಿದ್ದು ತೋರಿಸಿ, ಹೊರೆ ಹಾಕಿದ ಹತ್ತು ನಿಮಿಷಕ್ಕೆ ಕುಸಿದರೆ ಬ್ಯಾಟರಿ ಮುದಿಯಾಗಿದೆ.

ಎಚ್ಚರಿಕೆ: ಜನರೇಟರನ್ನು ಕೊಠಡಿಯೊಳಗೆ, ಮೆಟ್ಟಿಲ ಕೆಳಗೆ, ಕಿಟಕಿಯ ಪಕ್ಕದಲ್ಲಿ ಎಂದೂ ಓಡಿಸಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮುಖ್ಯ ಸ್ವಿಚ್ ಬದಲಿಸುವ ವ್ಯವಸ್ಥೆಯಿಲ್ಲದೆ ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ, ವಿದ್ಯುತ್ ಹಿಮ್ಮುಖವಾಗಿ ಹರಿದು ಕಂಬದ ಮೇಲಿರುವ ಲೈನ್‌ಮನ್ ಸಾಯಬಹುದು. ಟವರ್ ಹತ್ತಬೇಡಿ. ಬಿದ್ದ ತಂತಿ ಫೋನಿನದೋ ವಿದ್ಯುತ್ತಿನದೋ ಎಂದು ಮುಟ್ಟಿ ನೋಡುವ ಸಾಹಸ ಬೇಡ. 1912ಕ್ಕೆ ತಿಳಿಸಿ ದೂರ ನಿಲ್ಲಿ.

ಲಕ್ಷಣ: ಎರಡು ಕಂಪನಿಗಳ ಲೈನ್ ಒಂದೇ ನಿಮಿಷಕ್ಕೆ ಸತ್ತಿವೆ

ಮೊದಲು ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನು ನೋಡಿ. ಅದರಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿಟುಕುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಪಿಒಎನ್ ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ, ದೋಷ ಬೇರೆಡೆ ಇದೆ. ಕೆಂಪು ದೀಪ ಕಂಡಾಗ ಪೆಟ್ಟಿಗೆಗೆ ಬರುವ ಹಳದಿ ಅಥವಾ ಬಿಳಿ ತೆಳು ತಂತಿಯನ್ನು ಗಮನಿಸಿ: ಯಾರೋ ಅದನ್ನು ಬೆರಳಿಗೆ ಸುತ್ತಿದಷ್ಟು ಬಿಗಿಯಾಗಿ ಸುತ್ತಿ ಟೇಪ್ ಹಚ್ಚಿರಬಹುದು, ಕಪಾಟಿನ ಬಾಗಿಲು ಅದನ್ನು ಜಜ್ಜಿರಬಹುದು. ಸಡಿಲ ಬಿಟ್ಟು ಎರಡು ನಿಮಿಷ ಕಾಯಿರಿ. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರೊಳಗಿನ ಲೇಸರ್ ಕಣ್ಣಿಗೆ ಕಾಣುವ ಬಣ್ಣದ್ದಲ್ಲ, ಗಾಯ ಮಾತ್ರ ಮಾಡಬಲ್ಲದು. ತುಂಡಾದ ಫೈಬರಿನ ಚೂರು ಕೂದಲಿನಷ್ಟು ತೆಳ್ಳನೆಯ ಗಾಜು, ಚರ್ಮದೊಳಗೆ ಹೋದರೆ ಸಿಗುವುದಿಲ್ಲ.

ಎರಡೂ ಪೆಟ್ಟಿಗೆಗಳಲ್ಲಿ ಒಂದೇ ನಿಮಿಷಕ್ಕೆ ಕೆಂಪು ದೀಪ ಬಂದರೆ ಕೊಠಡಿಯೊಳಗೆ ಹುಡುಕಬೇಡಿ. ಆ ಎರಡು ಫೈಬರುಗಳು ಎಲ್ಲೋ ಒಂದು ಕಡೆ ಒಂದೇ ಕಂಬದಲ್ಲಿ, ಒಂದೇ ಕಾಲುವೆಯಲ್ಲಿ, ಒಂದೇ ಪೈಪಿನಲ್ಲಿ ಜೊತೆಯಾಗಿವೆ.

ಮಲೆನಾಡಿನ ಒಂದು ಕಚೇರಿಯಲ್ಲಿ ನಾನು ಇದನ್ನು ಕಲಿತೆ. ಅಲ್ಲಿ ಎರಡು ಕಂಪನಿಗಳ ಲೈನ್ ಇತ್ತು, ತಿಂಗಳಿಗೆ ಎರಡು ಬಿಲ್ ಬರುತ್ತಿತ್ತು, ತಪಾಸಣೆಗೆ ಬಂದವರ ಮುಂದೆ ಎರಡನೆಯದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆವು. ಒಂದು ಆಷಾಢದ ಸಂಜೆ ಎರಡೂ ಒಟ್ಟಿಗೆ ಹೋದವು. ಮರುದಿನ ಮಳೆಯಲ್ಲೇ ಲೈನ್‌ಮನ್ ಜೊತೆ ರಸ್ತೆಗುಂಟ ನಡೆದೆವು. ಅವನ ಬಳಿ ಫೈಬರಿನೊಳಗೆ ಬೆಳಕಿನ ಮಿಡಿತ ಕಳಿಸಿ, ಅದು ತುಂಡಾದ ಜಾಗದಿಂದ ಮರಳುವ ಹೊತ್ತನ್ನು ಅಳೆದು ದೂರ ಹೇಳುವ ಒಟಿಡಿಆರ್ ಯಂತ್ರವಿತ್ತು. ಒಂದು ಮೈಕ್ರೊಸೆಕೆಂಡ್ ಎಂದರೆ ಸುಮಾರು ನೂರು ಮೀಟರ್. ಯಂತ್ರ ಹೇಳಿದ ದೂರಕ್ಕಿಂತ ಸಾಕಷ್ಟು ಈಚೆಗೇ ಅವನು ನಿಂತ. ಕಂಬಗಳಲ್ಲಿ ಮುಂದಿನ ರಿಪೇರಿಗೆಂದು ಸುತ್ತಿಟ್ಟ ಹೆಚ್ಚುವರಿ ಕೇಬಲನ್ನೂ ಯಂತ್ರ ಲೆಕ್ಕ ಹಾಕುತ್ತದೆ, ನೆಲದ ಮೇಲೆ ಅಷ್ಟು ದೂರ ಇರುವುದಿಲ್ಲ ಎಂದ. ನಿಂತದ್ದು ಸೇತುವೆಯ ಮೇಲೆ. ಸೇತುವೆಯ ಪಕ್ಕೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದ ಒಂದು ಜಿಐ ಪೈಪು ಮುರಿದು ನೀರಿಗೆ ಜೋತಿತ್ತು, ತೇಲಿ ಬಂದ ಮರವೊಂದು ಅದಕ್ಕೆ ಸಿಕ್ಕಿಕೊಂಡಿತ್ತು. ಪೈಪಿನ ಬಾಯಿಂದ ಎರಡು ಕಪ್ಪು ಕೇಬಲುಗಳ ತುದಿ ಅಕ್ಕಪಕ್ಕ ಇಣುಕುತ್ತಿದ್ದವು. ಎರಡು ಬಿಲ್, ಒಂದು ಪೈಪು.

ಹಾಗಾಗಿ ಎರಡನೆಯ ಲೈನ್ ಕೊಳ್ಳುವಾಗ ವೇಗದ ಬಗ್ಗೆ ಕೇಳುವ ಮೊದಲು ದಾರಿಯ ಬಗ್ಗೆ ಕೇಳಿ. ಮೊದಲ ಲೈನಿನ ಜೊತೆ ಯಾವ ಸೇತುವೆ, ಯಾವ ಕಂಬ, ಯಾವ ವಿನಿಮಯ ಕೇಂದ್ರವೂ ಹಂಚಿಕೆಯಾಗಿಲ್ಲ ಎಂದು ನಕ್ಷೆಯ ಸಮೇತ ಲಿಖಿತವಾಗಿ ಪಡೆಯಿರಿ. ಕೊಡಲು ಹಿಂಜರಿದರೆ ಎರಡನೆಯದನ್ನು ಫೈಬರಿನ ಬದಲು ಮೈಕ್ರೊವೇವ್ ಅಥವಾ ಉಪಗ್ರಹದ ಮೂಲಕ ತೆಗೆದುಕೊಳ್ಳಿ. ರಸ್ತೆ ಅಗೆಯುವವರು ಮೊದಲೇ ಮಾಹಿತಿ ಕೊಡಬೇಕೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ನಿಮ್ಮ ತಾಲ್ಲೂಕಿನ ಜೆಸಿಬಿ ಮಾಲೀಕರಲ್ಲಿ ಎಷ್ಟು ಮಂದಿಗೆ ಅದು ಗೊತ್ತು ಎಂದು ವಿಚಾರಿಸಿದರೆ ಮುಂದಿನ ಕೆಂಪು ದೀಪ ಯಾವಾಗ ಎಂಬ ಅಂದಾಜು ಸಿಗುತ್ತದೆ.

ನಿಲ್ಲಬೇಕಾದ ಜಾಗ: ಪೆಟ್ಟಿಗೆಯ ದೀಪ ಕೆಂಪು, ಒಳಗಿನ ತಂತಿ ಸರಿಯಿದೆ ಎಂದು ಖಚಿತವಾದೊಡನೆ ದೂರು ದಾಖಲಿಸಿ. ಕೇಬಲ್ ತುಂಡಾದ ಜಾಗ ಕಂಡರೂ ಎಳೆಯಬೇಡಿ, ಗಂಟು ಹಾಕಬೇಡಿ. ಬೆಸುಗೆ ಹಾಕಲು ಬಂದವರಿಗೆ ಬೇಕಾದ ಉದ್ದ ಹಾಳಾಗುತ್ತದೆ.

ಲಕ್ಷಣ: ದೇಶದೊಳಗಿನದು ನಡೆಯುತ್ತಿದೆ, ಹೊರದೇಶದ್ದು ನಿಧಾನ

ದುಬೈನಲ್ಲಿರುವ ಮಗ ಉಡುಪಿಯ ತಾಯಿಗೆ ಮಾಡಿದ ವಿಡಿಯೊ ಕರೆ ಮತ್ತೆ ಮತ್ತೆ ಕಡಿಯುತ್ತದೆ, ಹೊರದೇಶದ ಸರ್ವರಿನಲ್ಲಿರುವ ನಿಮ್ಮ ತಂತ್ರಾಂಶ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ, ಆದರೆ ರಾಜ್ಯದ ಜಾಲತಾಣಗಳು ಥಟ್ಟನೆ ತೆರೆಯುತ್ತವೆ. ಇದು ಸಮುದ್ರದ ಕತೆಯಿರಬಹುದು.

ಪರೀಕ್ಷೆಗೆ ಹಣ ಬೇಡ. ಕಂಪ್ಯೂಟರಿನ ಪಿಂಗ್ ಆದೇಶದಿಂದ ಒಂದು ಸಂದೇಶ ಹೋಗಿಬರುವ ಹೊತ್ತನ್ನು ಅಳೆಯಿರಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಸಾವಿರ ಕಿಲೋಮೀಟರಿಗೆ ಹೋಗಿಬರಲು 10 ಮಿಲಿಸೆಕೆಂಡ್. ಯುರೋಪಿನ ಸರ್ವರಿಗೆ ಎಂದಿನ ದಿನ 150ರ ಆಸುಪಾಸು ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 300 ತೋರಿಸತೊಡಗಿ ಅಲ್ಲೇ ನಿಂತರೆ, ದಾರಿ ಕಡಿದು ಸಂದೇಶ ಪೂರ್ವಕ್ಕೆ ಸಿಂಗಪುರದ ಕಡೆಯಿಂದ ಸುತ್ತಿ ಹೋಗುತ್ತಿದೆ ಎಂದು ಊಹಿಸಬಹುದು. ಸಂಖ್ಯೆ ಏರಿಳಿಯುತ್ತ ನಡುನಡುವೆ ಉತ್ತರವೇ ಬಾರದಿದ್ದರೆ, ಉಳಿದ ದಾರಿಗಳಲ್ಲಿ ದಟ್ಟಣೆಯಾಗಿದೆ. ಎಂದಿನ ದಿನದ ಸಂಖ್ಯೆಯನ್ನು ಬರೆದಿಟ್ಟಿಲ್ಲದಿದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಆದ್ದರಿಂದ ಇವತ್ತೇ ಅಳೆದು ಬರೆದಿಡಿ.

ಖಂಡಗಳ ನಡುವಿನ ಮಾಹಿತಿಯಲ್ಲಿ ಶೇ. 95ಕ್ಕಿಂತ ಹೆಚ್ಚು ಸಮುದ್ರತಳದ ಕೇಬಲುಗಳಲ್ಲೇ ಹೋಗುತ್ತದೆ. ಆಳಸಮುದ್ರದಲ್ಲಿ ಆ ಕೇಬಲು ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಲ ಅವು ಕಡಿಯುತ್ತವೆ, ಬಹುಪಾಲು ಮೀನುಬಲೆ ಮತ್ತು ಹಡಗಿನ ಲಂಗರಿನಿಂದ. ಭಾರತಕ್ಕೆ ಬರುವವು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರದ ದಡ ಸೇರುತ್ತವೆ. ಬೆಂಗಳೂರಿನ ಐಟಿ ಕಂಪನಿಗಳ ಜಗತ್ತೆಲ್ಲ ಆ ದಡಗಳಿಂದ ನೆಲದ ಫೈಬರಿನಲ್ಲಿ ಬರಬೇಕು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲುಗಳು ಕಡಿದಾಗ ಭಾರತವೂ ಕೊಲ್ಲಿ ದೇಶಗಳೂ ಒಟ್ಟಿಗೆ ತತ್ತರಿಸಿದವು. 2024ರಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗೆ ಸಿಕ್ಕ ರೂಬಿಮಾರ್ ಹಡಗು ಮುಳುಗುವ ಮೊದಲು ಲಂಗರು ಎಳೆದುಕೊಂಡು ತೇಲುತ್ತ ಮೂರು ಕೇಬಲುಗಳನ್ನು ಕಡಿಯಿತೆಂದು ಭಾವಿಸಲಾಗಿದೆ. ಮಲೆನಾಡಿನ ಸೇತುವೆಯ ಪೈಪಿಗೂ ಯುರೋಪ್ ಮತ್ತು ಏಷ್ಯಾದ ನಡುವಿನ ಇಷ್ಟೊಂದು ಕೇಬಲುಗಳು ಹಾದುಹೋಗುವ ಆ ಕಿರಿದಾದ ಸಮುದ್ರಕ್ಕೂ ಅಳತೆಯಲ್ಲಷ್ಟೇ ವ್ಯತ್ಯಾಸ. ಇದ್ದ ಒಂದೇ ಅಂತರರಾಷ್ಟ್ರೀಯ ಕೇಬಲನ್ನು 2022ರ ಜನವರಿಯ ಜ್ವಾಲಾಮುಖಿಯಲ್ಲಿ ಕಳೆದುಕೊಂಡ ಟೊಂಗಾ ದ್ವೀಪರಾಷ್ಟ್ರ ಅದು ಮತ್ತೆ ಜೋಡಣೆಯಾಗಲು ಸುಮಾರು ಐದು ವಾರ ಕಾಯಿತು.

ಈ ದೋಷವನ್ನು ನೀವು ಸರಿಪಡಿಸಲಾರಿರಿ. ರಿಪೇರಿ ಹಡಗು ಬರಬೇಕು, ವಾರಗಳು ಬೇಕು. ನೀವು ಮಾಡಬಹುದಾದದ್ದು, ತುರ್ತಿಗೆ ಬಳಸುವ ತಂತ್ರಾಂಶ ಮತ್ತು ಸಂಪರ್ಕ ಪಟ್ಟಿ ದೇಶದೊಳಗಿನ ಸರ್ವರಿನಲ್ಲೂ ಇರುವಂತೆ ಮೊದಲೇ ನೋಡಿಕೊಳ್ಳುವುದು.

ಲಕ್ಷಣ: ಕೇಬಲ್ ಸರಿಯಿದೆ, ಒಂದು ಸೇವೆ ಮಾತ್ರ ಮಾಯವಾಗಿದೆ

8.8.8.8 ಎಂಬ ಅಂಕಿ ವಿಳಾಸಕ್ಕೆ ಪಿಂಗ್ ಉತ್ತರ ಬರುತ್ತಿದ್ದು, ಹೆಸರಿನಿಂದ ಯಾವ ಜಾಲತಾಣವೂ ತೆರೆಯದಿದ್ದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ಮನೆಯ ಕಂಪ್ಯೂಟರಾದರೆ ಬೇರೆ ಡಿಎನ್‌ಎಸ್ ಹಾಕಬಹುದು. ಸರ್ಕಾರಿ ಜಾಲದಲ್ಲಿ ಮೇಲ್ವಿಚಾರಕರನ್ನು ಕೇಳದೆ ಬದಲಿಸಬೇಡಿ.

ಒಂದೇ ದೊಡ್ಡ ಸೇವೆ ಜಗತ್ತಿನಾದ್ಯಂತ ಕಾಣೆಯಾದರೆ ಅದು ಜಾಲಗಳು ‘ಈ ವಿಳಾಸಕ್ಕೆ ನನ್ನ ಮೂಲಕ ಬನ್ನಿ’ ಎಂದು ಒಂದಕ್ಕೊಂದು ಹೇಳಿಕೊಳ್ಳುವ ಬಿಜಿಪಿ ವ್ಯವಸ್ಥೆಯ ತಪ್ಪಿರಬಹುದು. 2008ರ ಫೆಬ್ರವರಿ 24ರಂದು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಹೊರಟ ಪಾಕಿಸ್ತಾನ್ ಟೆಲಿಕಾಂ ಹೊರಡಿಸಿದ ಸುಳ್ಳು ದಾರಿಯ ಘೋಷಣೆ ಗಡಿ ದಾಟಿ ಹರಡಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ತನ್ನದೇ ನಿರ್ವಹಣೆಯ ತಪ್ಪಿನಿಂದ ತನ್ನ ದಾರಿಗಳನ್ನು ಹಿಂದೆಗೆದುಕೊಂಡಾಗ ವಾಟ್ಸಾಪ್ ಸಹ ಸುಮಾರು ಆರು ಗಂಟೆ ನಿಂತಿತು. ನಮ್ಮ ಎಷ್ಟೋ ಕಚೇರಿಗಳ ವಿಪತ್ತು ನಿರ್ವಹಣೆ ನಡೆಯುವುದೇ ವಾಟ್ಸಾಪ್ ಗುಂಪಿನಲ್ಲಿ. ಆ ಗುಂಪಿನ ಎಲ್ಲರ ಫೋನ್ ಸಂಖ್ಯೆ ಕಾಗದದ ಮೇಲಿದೆಯೇ?

ಲಕ್ಷಣ: ಉಪಗ್ರಹದ ಕೊಂಡಿ ಬಂದು ಹೋಗುತ್ತಿದೆ

ಭೂಸ್ಥಿರ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿದೆ. ಅದರ ಮೂಲಕ ಸಂದೇಶ ಹೋಗಿಬರಲು 600 ಮಿಲಿಸೆಕೆಂಡಿನಷ್ಟು ಹಿಡಿಯುವುದು ಸಹಜ, ಅದನ್ನು ದೋಷವೆಂದು ದೂರು ಕೊಡಬೇಡಿ. ಧೋ ಎಂದು ಮಳೆ ಸುರಿಯುವಾಗ ಹೋಗಿ ಮಳೆ ನಿಂತೊಡನೆ ಬಂದರೆ, ಡಿಷ್ ಬಳಸುವ ಕು ಬ್ಯಾಂಡ್ ಎಂಬ ಆವರ್ತನದ ರೇಡಿಯೊ ಅಲೆಗಳನ್ನು ಮಳೆ ಹೀರುತ್ತಿದೆ. ಗಾಳಿಮಳೆಯ ನಂತರ ಪೂರ್ತಿ ಹೋಗಿದ್ದರೆ ಡಿಷ್ ಅಲುಗಿದೆಯೇ, ದಕ್ಷಿಣದ ಆಕಾಶಕ್ಕೆ ಮರದ ಕೊಂಬೆ ಅಡ್ಡ ಬಂದಿದೆಯೇ ನೋಡಿ. ಮಂಗಗಳು ಡಿಷ್ ಮೇಲೆ ಕೂರುವ ಊರುಗಳಲ್ಲಿ ಇದನ್ನು ಪ್ರತಿವಾರ ನೋಡಬೇಕು.

ಮಾರ್ಚ್ ಎರಡನೆಯ ವಾರದ ಆಸುಪಾಸು ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬಿಸಿಲಿದ್ದರೂ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೆಲವು ನಿಮಿಷ ಕೊಂಡಿ ಹೋದರೆ ಯಾರನ್ನೂ ಕರೆಸಬೇಡಿ. ಸೂರ್ಯ ಉಪಗ್ರಹದ ಬೆನ್ನಿಗೇ ಬಂದು, ಅವನ ರೇಡಿಯೊ ಗದ್ದಲ ಸಂಕೇತವನ್ನು ಮುಚ್ಚುತ್ತದೆ. ಕೆಲವು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಹಾಸನದ ಕೇಂದ್ರದಿಂದಲೇ ನಿಯಂತ್ರಿಸುತ್ತಾರಾದರೂ, ನಿಮ್ಮ ಡಿಷ್‌ನ ದೂರನ್ನು ಸೇವೆ ಕೊಟ್ಟ ಸಂಸ್ಥೆಗೇ ಕೊಡಬೇಕು.

ಎಚ್ಚರಿಕೆ: ಭಾರತದಲ್ಲಿ ಅನುಮತಿಯಿಲ್ಲದೆ ಸೆಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ವಿದೇಶದಿಂದ ಬಂದ ಬಂಧು ಸಹಾಯಕ್ಕೆಂದು ಕೊಟ್ಟ ಥುರಾಯಾ ಅಥವಾ ಇರಿಡಿಯಂ ಫೋನನ್ನು ಮುಟ್ಟಬೇಡಿ. ಅಧಿಕೃತ ದಾರಿ ಬಿಎಸ್‌ಎನ್‌ಎಲ್ ಮೂಲಕ.

ಲಕ್ಷಣ: ವಾಕಿಟಾಕಿಯಲ್ಲಿ ಹತ್ತಿರದವರು ಸಿಗುತ್ತಾರೆ, ದೂರದವರಿಲ್ಲ

ಮಾತನ್ನು ಹಿಡಿದು ದೂರಕ್ಕೆ ದಾಟಿಸುವ, ಗುಡ್ಡದ ಮೇಲಿನ ರಿಪೀಟರ್ ಯಂತ್ರ ಸತ್ತಿದೆ. ನೇರ ಚಾನೆಲ್‌ಗೆ ಬದಲಿಸಿ, ಎತ್ತರದ ತಿರುವಿನಲ್ಲಿ ಒಂದು ಜೀಪು ನಿಲ್ಲಿಸಿ ಮಾತನ್ನು ಅತ್ತಿಂದಿತ್ತ ದಾಟಿಸಿ. ಯಾರಿಗೂ ಮಾತಾಡಲಾಗದೆ ಚಾನೆಲ್ ಸತತ ಕಾರ್ಯನಿರತವಾಗಿದ್ದರೆ ತಂಡದಲ್ಲಿ ಯಾರದೋ ಸೆಟ್ಟಿನ ಗುಂಡಿ ಜೀಪಿನ ಸೀಟಿನಡಿ ಅದುಮಿಕೊಂಡಿದೆ; ಕಿವಿಗೊಟ್ಟರೆ ವೈಪರಿನ ಸದ್ದಿನಿಂದ ಯಾವ ಜೀಪು ಎಂಬುದೂ ತಿಳಿಯಬಹುದು.

ಎಲ್ಲವೂ ಹೋದಾಗ ಉಳಿಯುವವರು ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರು. 2004ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಬೇರೆ ಕಾರಣಕ್ಕೆ ಪೋರ್ಟ್‌ಬ್ಲೇರಿನಲ್ಲಿತ್ತು, ಅಂಡಮಾನಿನ ಸುದ್ದಿ ಹೊರಜಗತ್ತಿಗೆ ತಲುಪಲು ಅವರ ರೇಡಿಯೊ ನೆರವಾಯಿತು. 7 ಮೆಗಾಹರ್ಟ್ಸ್‌ನ ಅಲೆಯನ್ನು ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ನೇರ ಮೇಲಕ್ಕೆ ಕಳಿಸಿದರೆ ಅದು ಹಗಲಿನಲ್ಲಿ ಮೇಲಿನ ವಾತಾವರಣದ ಅಯಾನುಗೋಳ ಎಂಬ ಪದರದಿಂದ ಮರಳಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಬೀಳುತ್ತದೆ, ಗುಡ್ಡಗಳು ಅಡ್ಡಿಯಾಗುವುದಿಲ್ಲ. ಪರವಾನಗಿ ಇರುವವರನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ವಿದ್ಯುತ್ ತಂತಿಯ ಬಳಿ ಆಂಟೆನಾ ಎಸೆಯಬೇಡಿ, ಗುಡುಗುವಾಗ ಅದನ್ನು ಸೆಟ್ಟಿನಿಂದ ಬಿಚ್ಚಿಡಿ.

ಲಕ್ಷಣ: ಯಾರೋ ಕೈ ಹಾಕಿದಂತೆ ಕಾಣುತ್ತದೆ

ರಾತ್ರಿ ಯಾರೂ ಬಳಸದ ಹೊತ್ತಿನಲ್ಲಿ ರೂಟರಿನ ಪಾಸ್‌ವರ್ಡ್ ಬದಲಾಗಿದೆ, ಕಡತಗಳ ಹೆಸರು ವಿಚಿತ್ರವಾಗಿವೆ, ಅಥವಾ ಒಂದು ಪ್ರದೇಶದಲ್ಲಿ ಕರೆಗಳು ಕಡಿಯುತ್ತ ಎಲ್ಲರ ಫೋನಿನ ನಕ್ಷೆಯೂ ತಪ್ಪು ಊರು ತೋರಿಸುತ್ತಿದೆ. ಕೊನೆಯದು ಜಿಪಿಎಸ್ ಅಡಚಣೆಯ ಲಕ್ಷಣ. 4ಜಿ, 5ಜಿ ಟವರುಗಳಲ್ಲಿ ಹಲವು ಉಪಗ್ರಹದಿಂದ ಬರುವ ಸಮಯಕ್ಕೇ ಗಡಿಯಾರ ಹೊಂದಿಸಿಕೊಳ್ಳುತ್ತವೆ, ಮೈಕ್ರೊಸೆಕೆಂಡುಗಳ ಏರುಪೇರೂ ಅವುಗಳಿಗೆ ಆಗದು. ಅಡಚಣೆ ಮಾಡುವ ಜಾಮರ್ ಯಂತ್ರವನ್ನು ಹುಡುಕಲು ನೀವೇ ಹೊರಡದೆ ಪೊಲೀಸರಿಗೆ ಮತ್ತು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ವಿಭಾಗಕ್ಕೆ ತಿಳಿಸಿ.

ಕಂಪ್ಯೂಟರಿನಲ್ಲಿ ಒಳನುಗ್ಗಿದ ಗುಮಾನಿ ಬಂದರೆ ಇಲ್ಲಿಯವರೆಗೆ ಹೇಳಿದ ‘ಆಫ್ ಮಾಡಿ ಆನ್ ಮಾಡಿ’ ಬುದ್ಧಿಯನ್ನೆಲ್ಲ ಪಕ್ಕಕ್ಕಿಡಿ. ಯಂತ್ರವನ್ನು ಆಫ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಆ್ಯಂಟಿವೈರಸ್ ಓಡಿಸಬೇಡಿ. ಅದರ ನೆನಪಿನಲ್ಲಿರುವ ಸುಳಿವು ಅಳಿಯುತ್ತದೆ. ಲ್ಯಾನ್ ತಂತಿ ಮಾತ್ರ ಕೀಳಿ, ತೆರೆಯ ಫೋಟೊ ತೆಗೆದುಕೊಳ್ಳಿ, ಆ ಯಂತ್ರದ ಇಮೇಲಿನಿಂದ ದೂರು ಕಳಿಸದೆ ಬೇರೆ ಜಾಲದ ಫೋನಿನಿಂದ ಮೇಲಧಿಕಾರಿಗೆ ತಿಳಿಸಿ. ದೇಶದ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್, ಅಂದರೆ ಯಂತ್ರಗಳ ಚಟುವಟಿಕೆಯ ದಾಖಲೆ, ಉಳಿಸಿಕೊಂಡಿರಬೇಕು. ಗಮನಕ್ಕೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಅವರು ಕೇಳಿದಾಗ, ಕಂಪ್ಯೂಟರಿನ ಗಡಿಯಾರವನ್ನು ನಂಬದೆ ದಾಖಲೆ ಪುಸ್ತಕದಲ್ಲಿ ನೀವು ಪೆನ್ನಿನಿಂದ ಬರೆದ ಸಮಯವನ್ನು ಓದಿ ಹೇಳಿ.